ಒಸಡಿನ ಮಾರ್ಕ್ಸ್‌ಕಾರ್ಡು

ಬಸವಂತಪ್ಪನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಒಳ್ಳೆಯ ಮಾರ್ಕ್ಸು ಬಂದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಟೊರಾಂಟೊದ ರೆಕ್ಸ್‌ಡೇಲಿನ ಒಂದು ಪ್ಲಾಜಾದಲ್ಲಿ, ಬಾಯಿ ಬಿಟ್ಟುಕೊಂಡು ಅಂಗಾತ ಮಲಗಿದ್ದಾಗ.

ಅದಕ್ಕೆ ಮುಂಚೆ ಗದಗಿನಲ್ಲಿ ಪರೀಕ್ಷಾ ಮಂಡಳಿಯವರು ಮೂರು ಸಲ ಅವನ ಗಣಿತವನ್ನು ಅಳೆದು ನೋಡಿದ್ದರು. ಮೂರು ಸಲವೂ ಒಂದೇ ಫಲಿತಾಂಶ ಬಂದದ್ದರಿಂದ ಅದನ್ನು ವೈಜ್ಞಾನಿಕ ಸತ್ಯವೆಂದು ಒಪ್ಪಿಕೊಂಡು ಅವನು ಫಿಟ್ಟರ್ ಕೆಲಸ ಕಲಿತ. ಅಲ್ಲಿಂದ ಮಸ್ಕತ್ತು, ಮಸ್ಕತ್ತಿನಿಂದ ಕೆನಡಾ. ಈಗ ಐಸ್‌ಕ್ರೀಮ್ ಡಬ್ಬಿಗಳ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಮೆಶೀನ್ ಆಪರೇಟರ್. ಮುಚ್ಚಳ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಬರೀ ಹೆಬ್ಬೆರಳಿನಿಂದ ಒತ್ತಿ ಹೇಳಬಲ್ಲವನು ಇಡೀ ಶಿಫ್ಟಲ್ಲಿ ಅವನೊಬ್ಬನೇ. ಆದರೆ ಇದಕ್ಕೆ ಯಾರೂ ಮಾರ್ಕ್ಸು ಕೊಡುವುದಿಲ್ಲ.

ತೊಂಬತ್ತೆಂಟರಲ್ಲಿ ಯೂನಿಯನ್ನಿನವರು ಹೊಡೆದಾಡಿ ಕೆಲಸಗಾರರಿಗೆ ಹಲ್ಲಿನ ವಿಮೆ ಕೊಡಿಸಿದರು. ಕಾಗದ ಮನೆಗೆ ಬಂದ ದಿನವೇ ಹೆಂಡತಿ ಈರವ್ವ ಫೋನು ಮಾಡಿ ದಿನ ಗೊತ್ತುಮಾಡಿದಳು.

"ನನಗ ಹಲ್ಲು ನೋವಿಲ್ಲಲ್ಲ?" ಎಂದ ಬಸವಂತಪ್ಪ.

"ನೋವಿಲ್ಲಂದ್ರ ಏನಾತು? ಪಗಾರದಾಗ ಕಟ್ ಆಗಾಕತ್ತೈತಿ. ಹೋಗಿ ಬಾಯಿ ತಗದು ಬರ್ರಿ."

ಹೀಗಾಗಿ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಅವನು ದಂತವೈದ್ಯರ ಕುರ್ಚಿಯಲ್ಲಿ ಮಲಗಿದ್ದ. ಮುಖಕ್ಕೆ ಮುಸುಕು ಕಟ್ಟಿಕೊಂಡ ಫಿಲಿಪೀನ್ಸಿನ ಹೆಣ್ಣುಮಗಳೊಬ್ಬಳು, ಕಪ್ಪು ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲಿನ ಬುಡಕ್ಕೆ ಇಳಿಸಿ ತೆಗೆದು, ಇಳಿಸಿ ತೆಗೆದು, "ಮೂರು, ಎರಡು, ಮೂರು" ಎಂದು ಕೂಗತೊಡಗಿದಳು. ಪಕ್ಕದಲ್ಲಿ ಇನ್ನೊಬ್ಬಳು ಅದನ್ನು ಬರೆದುಕೊಳ್ಳತೊಡಗಿದಳು.

ಒಬ್ಬರು ಅಂಕ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು: ಇದು ಬಸವಂತಪ್ಪನಿಗೆ ಗೊತ್ತಿಲ್ಲದ ವ್ಯವಹಾರವಲ್ಲ. ಗದಗಿನ ಹೈಸ್ಕೂಲಿನಲ್ಲಿ ಮಾಸ್ತರರ ಕೋಣೆಯ ಕಿಟಕಿಗೆ ಕಿವಿ ಹಚ್ಚಿ ಇದನ್ನೇ ವರ್ಷ ವರ್ಷ ಕೇಳಿದ್ದ. ಅಲ್ಲಿಯೂ ಅವನ ಹೆಸರಿಗೆ "ಮೂರು, ಎರಡು" ಎಂದೇ ಕೂಗುತ್ತಿದ್ದರು. ಅವನು ಹಣೆಬರಹವೆಂದು ಕಣ್ಣು ಮುಚ್ಚಿಕೊಂಡ.

ಕಡ್ಡಿ ಹಿಂದಿನ ದವಡೆಗೆ ಹೋಯಿತು. "ನಾಲ್ಕು. ಐದು. ಆರು."

ಬಸವಂತಪ್ಪ ಕಣ್ಣು ಬಿಟ್ಟ. ಬಾಯಿಯನ್ನು ಇನ್ನೂ ಅಗಲಿಸಿದ.

"ಏಳು," ಎಂದಳು ಆಕೆ. ಕಡ್ಡಿಯನ್ನು ತೆಗೆದು ಒರೆಸಿ ಮತ್ತೊಮ್ಮೆ ಇಳಿಸಿದಳು. "ಹೌದು, ಏಳು." ಬರೆಯುತ್ತಿದ್ದವಳು ಹುಬ್ಬೇರಿಸಿ ಬಸವಂತಪ್ಪನ ಮುಖ ನೋಡಿದಳು. ಮರುಮೌಲ್ಯಮಾಪನದಲ್ಲೂ ಅಂಕ ಇಳಿಯಲಿಲ್ಲ.

ಆಮೇಲೆ ಆಕೆ ಎಲ್ಲವನ್ನೂ ವಿವರಿಸಿದಳು. ವಿವರಿಸಲಿಲ್ಲವೆಂದು ಯಾರೂ ಆಕೆಯನ್ನು ದೂರುವಂತಿಲ್ಲ. ಆದರೆ ಫಲಿತಾಂಶ ಗೊತ್ತಾದ ಮೇಲೆ ಭಾಷಣ ಕೇಳುವವರು ಯಾರು? ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ: ಡಾಕ್ಟರು ನಿಮ್ಮನ್ನು ಇನ್ನೂ ನಾಲ್ಕು ಸಲ ಬರಹೇಳಿದ್ದಾರೆ.

"ಎಲ್ಲರನ್ನೂ ಹಿಂಗ ಕರೀತೀರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ ಇಲ್ಲ, ಎಲ್ಲರನ್ನೂ ಅಲ್ಲ."

ಬಸವಂತಪ್ಪ ಎದೆ ಸೆಟೆಸಿ ಕುಳಿತ. "ಅದರದೊಂದು ಪ್ರಿಂಟು ಕೊಡ್ರಿ," ಎಂದ.

ಹಾಳೆಯ ಮುಂಭಾಗದಲ್ಲಿ ಮೂವತ್ತು ಹಲ್ಲುಗಳ ಚಿತ್ರ, ಒಂದೊಂದಕ್ಕೆ ಆರಾರು ಅಂಕ, ಅಲ್ಲಲ್ಲಿ ಕೆಂಪು ಚುಕ್ಕೆ. ಮೂಲೆಯ ದವಡೆಹಲ್ಲಿನ ಕೆಳಗೆ ಬೇರೆಯಾಗಿ 'ಕ್ಲಾಸ್ ಒನ್' ಎಂದೂ ಬರೆದಿತ್ತು. ಹಾಳೆಯ ಹಿಂಭಾಗದಲ್ಲಿ ದೊಡ್ಡಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಮಾರ್ಕ್ಸ್‌ಕಾರ್ಡಿನ ಹಿಂಭಾಗ ಓದುವ ಪದ್ಧತಿ ನಮ್ಮಲ್ಲಿಲ್ಲ.

ಮನೆಗೆ ಬಂದವನೇ ಆ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಏಳನೆಯ ತರಗತಿಯ ಮಗಳು ಅಕ್ಷರಾಳ ರಿಪೋರ್ಟ್ ಕಾರ್ಡಿನ ಪಕ್ಕದಲ್ಲಿ, ಎರಡಂಗುಲ ಮೇಲೆ. ಅಕ್ಷರಾ ಹಾಲು ತೆಗೆಯಲು ಬಂದವಳು ನಿಂತು ನೋಡಿದಳು.

"ಡ್ಯಾಡ್, ಐ ಡೋಂಟ್ ಥಿಂಕ್ ಸೆವೆನ್ ಈಸ್—"

"ನಿನ್ನ ಗಣಿತದಾಗ ಬಿ ಮೈನಸ್ ಬಂದೈತಿ, ಮೊದಲ ಅದನ್ನ ನೋಡ್ಕೊ. ನಿಮ್ಮಪ್ಪಗ ಕೆಂಪು ಶಾಯಿಯಾಗ ಹೆಂಗ ಚುಕ್ಕಿ ಇಟ್ಟಾರ ನೋಡು."

ಅಕ್ಷರಾ ಹಾಲು ತೆಗೆದುಕೊಂಡು ಹೋದಳು.

ಆ ಸಂಜೆ ಐದು ಡಾಲರಿನ ಫೋನ್ ಕಾರ್ಡು ಗೀರಿ ಗದಗಿಗೆ ಮಾತಾಡಿದ. ಅವನ ತಾಯಿ ನಾಗವ್ವ, ತಮ್ಮ ದ್ಯಾಮಣ್ಣ, ತಮ್ಮನ ಹೆಂಡತಿ, ಅವರ ನಾಲ್ಕು ಮಕ್ಕಳು ಎಲ್ಲರೂ ಒಂದೇ ರಿಸೀವರಿಗೆ ಮುತ್ತಿಕೊಂಡು ಸುದ್ದಿ ಕೇಳಿದರು. "ಏಳಾ?" ಎಂದಳು ನಾಗವ್ವ. "ಕೆನಡಾದಾಗ ಏಳಾ? ನಿನ್ನ ತಲಿಯಾಗ ಏನೂ ಇಲ್ಲಂತ ಮಾಸ್ತರ ಅಂದಿದ್ದ. ಬಾಯಾಗ ಇತ್ತು, ಅವಂಗ ಹುಡುಕಾಕ ಬರ್ಲಿಲ್ಲ." ಮರುದಿನ ಓಣಿಯಲ್ಲೆಲ್ಲ ಪೇಢೆ ಹಂಚಿಸಿದಳಂತೆ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಮನೆಯ ಸಂತೋಷವಾಗಿ ಮುಗಿಯುತ್ತಿತ್ತು. ಆದರೆ ದೀಪಾವಳಿ ಬಂತು, ಕನ್ನಡ ಸಂಘದ ಊಟ ಬಂತು, ಊಟದಲ್ಲಿ ವೇಣುಗೋಪಾಲ ಬಂದ.

ವೇಣುಗೋಪಾಲ ಮೈಸೂರಿನವನು. ನಾರ್ತ್ ಯಾರ್ಕಿನ ಹದಿನೇಳನೆಯ ಮಹಡಿಯಲ್ಲಿ ಮನೆ, ಯಂಗ್ ಸ್ಟ್ರೀಟಿನಲ್ಲಿ ಸಾಫ್ಟ್‌ವೇರ್ ಕೆಲಸ. ಯಾವ ಮಾತು ಎತ್ತಿದರೂ ಅದು ಅವನ ಮಗ ಧ್ರುವನ ಮಾರ್ಕ್ಸಿಗೆ ಹೋಗಿ ನಿಲ್ಲುತ್ತಿತ್ತು. ಏಳು ವರ್ಷದಿಂದ ಬಸವಂತಪ್ಪ ಪೇಪರ್ ಪ್ಲೇಟು ಹಿಡಿದುಕೊಂಡು "ಹೌದ್ರೀ, ಭಾಳ ಚುರುಕ ಅದಾನ" ಎನ್ನುತ್ತಲೇ ಬಂದಿದ್ದ. ಆ ದಿನ ವೇಣುಗೋಪಾಲ ಧ್ರುವನ ವಿಜ್ಞಾನದಿಂದ ಭೂಗೋಳಕ್ಕೆ ದಾಟುವಷ್ಟರಲ್ಲಿ ಬಸವಂತಪ್ಪ ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆ ತೆಗೆದ.

"ನಿಮ್ಮ ಹಲ್ಲಿಗೆ ಎಷ್ಟು ಬಂದಾವ್ರೀ, ವೇಣುಗೋಪಾಲ್?"

"ಹಲ್ಲಿಗಾ?" ವೇಣುಗೋಪಾಲ ಹಾಳೆ ನೋಡಿದ. ಎಂಜಿನಿಯರಿಂಗಿನಲ್ಲಿ ರ‍್ಯಾಂಕ್ ಬಂದವನು. ಎಲ್ಲಿ ಅಂಕೆ ಕಂಡರೂ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. "ನಂದೂ ಹೋದ ವಾರ ಮಾಡಿದ್ರು. ಎಲ್ಲಾ ಎರಡು, ಎರಡು, ಎರಡು ಅಂತಿದ್ರು. ಅಲ್ಲೊಂದು ಇಲ್ಲೊಂದು ಮೂರು."

"ಎರಡಾ?" ಎಂದಳು ಅವನ ಹೆಂಡತಿ ಮೀರಾ. "ಬರೀ ಎರಡಾ? ಮನೇಲಿ ಹೇಳ್ಲೇ ಇಲ್ಲ!"

ಬಸವಂತಪ್ಪ ದೊಡ್ಡ ಮನುಷ್ಯ. "ಇರ್ಲಿ ಬಿಡ್ರೀ ಅಕ್ಕಾರ," ಎಂದ. "ಎಲ್ಲಾರಿಗೂ ಎಲ್ಲಾ ಬರೂದಿಲ್ಲ."

ವೇಣುಗೋಪಾಲ ಸೋಮವಾರ ಬೆಳಿಗ್ಗೆಯೇ ತನ್ನ ದಂತವೈದ್ಯರ ಬಳಿ ಹೋಗಿ, ಅಂಕ ಹೆಚ್ಚಿಸಿಕೊಳ್ಳಲು ಏನು ಮಾಡಬೇಕು ಎಂದು ಕೇಳಿದ. ಅವರು ಗಾಬರಿಯಾಗಿ, ನಿಮ್ಮದು ಅತ್ಯುತ್ತಮವಾಗಿದೆ, ಏನೂ ಮಾಡಬೇಡಿ ಎಂದರು. ವೇಣುಗೋಪಾಲ ನಂಬಲಿಲ್ಲ. "ಸುಮ್ನೆ ಸಮಾಧಾನಕ್ಕೆ ಹೇಳ್ತಾರೆ ಕಣೇ," ಎಂದು ಮೀರಾಳಿಗೆ ವಿವರಿಸಿದ. "ಈ ದೇಶದಲ್ಲಿ ಓಟದಲ್ಲಿ ಕೊನೇಲಿ ಬಂದವನಿಗೂ ಗುಡ್ ಜಾಬ್ ಅಂತಾರೆ. ಧ್ರುವ ಈಜು ಕಲಿಯೋವಾಗ ಮುಳುಗ್ತಾ ಇದ್ದ, ಆಗಲೂ ಗುಡ್ ಜಾಬ್ ಅಂದ್ರು." ಕೆನಡಾದ ಹೊಗಳಿಕೆಯನ್ನು ನಂಬಬಾರದೆಂದು ಸಂಘದಲ್ಲಿ ಎಲ್ಲರಿಗೂ ಗೊತ್ತು.

ಡಿಸೆಂಬರಿನ ಹೊತ್ತಿಗೆ ಹಲ್ಲು ತೋರಿಸಿಕೊಳ್ಳದ ಕನ್ನಡಿಗನಿಗೆ ಸಂಘದಲ್ಲಿ ತಲೆಯೆತ್ತಿ ತಿರುಗುವುದು ಕಷ್ಟವಾಯಿತು. ಹತ್ತು ವರ್ಷದಿಂದ ಬಾಯಿ ತೆರೆಯದವರೆಲ್ಲ ಹೋಗಿ ತೆರೆದರು. ಗಂಡಂದಿರು ನಾಲ್ಕು ತಂದರೆ ಹೆಂಡಂದಿರು ಐದು ತಂದರು. ಒಬ್ಬಾತ, ಅಂಕ ಕಡಿಮೆಯಾಗಲು ದಿನಕ್ಕೆರಡು ಸಲ ಹಲ್ಲುಜ್ಜಿದ್ದೇ ಕಾರಣವೆಂದು ಸರಿಯಾಗಿಯೇ ಪತ್ತೆಹಚ್ಚಿ, ಅದನ್ನು ನಿಲ್ಲಿಸಿಬಿಟ್ಟ.

ಈ ಗೊಂದಲಕ್ಕೊಂದು ಶಿಸ್ತು ತಂದವರು ರಾಮಮೂರ್ತಿ ಮೇಷ್ಟ್ರು. ತುಮಕೂರಿನ ನಿವೃತ್ತ ಹೆಡ್‌ಮಾಸ್ಟರು. ಸ್ಕಾರ್‌ಬರೋದಲ್ಲಿರುವ ಮಗನ ಮನೆಗೆಂದು ಬಂದು, ಹಿಮಕ್ಕೆ ಹೆದರಿ ಹೊರಗೆ ಕಾಲಿಡದೆ, ಮೂವತ್ತೆಂಟು ವರ್ಷ ಅಂಕ ಕೂಡಿದ ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದರು. ಎಲ್ಲರ ಹಾಳೆಗಳನ್ನೂ ತರಿಸಿಕೊಂಡು, ಕೆಂಪು ಪೆನ್ನು ಹಿಡಿದು ರ‍್ಯಾಂಕ್ ಪಟ್ಟಿ ಮಾಡಲು ಕುಳಿತರು.

"ಎಷ್ಟಕ್ಕೆ ಎಷ್ಟು ಅಂತ ಲೆಕ್ಕ, ಮೇಷ್ಟ್ರೇ?" ಎಂದು ವೇಣುಗೋಪಾಲ ಫೋನಿನಲ್ಲಿ ಆತಂಕದಿಂದ ಕೇಳಿದ.

"ಹತ್ತಕ್ಕೆ. ನಾಗರಿಕ ದೇಶಗಳಲ್ಲೆಲ್ಲ ಹತ್ತಕ್ಕೇ."

"ನಂಗೆ ಬುದ್ಧಿಹಲ್ಲು ನಾಲ್ಕೂ ತೆಗೆಸಿದಾರೆ. ಆ ಅಂಕ ಹೋಯ್ತಲ್ಲಾ?"

"ಹಲ್ಲು ಪರೀಕ್ಷೆಗೆ ಗೈರುಹಾಜರಾದ್ರೆ ನಾನೇನಪ್ಪಾ ಮಾಡ್ಲಿ? ಗ್ರೇಸ್ ಮಾರ್ಕ್ಸ್ ಕೊಡೋ ಪದ್ಧತಿ ನನ್ನ ಸ್ಕೂಲಲ್ಲಿ ಇರ್ಲಿಲ್ಲ."

ಎಲ್ಲ ಹಲ್ಲುಗಳ ಅಂಕ ಕೂಡಿದಾಗ ಬಸವಂತಪ್ಪನಿಗೆ ಎಂಟುನೂರ ಎರಡು. ಎರಡನೆಯವರಿಗಿಂತ ತೊಂಬತ್ತು ಮುಂದೆ. ವೇಣುಗೋಪಾಲನಿಗೆ ಮುನ್ನೂರ ಐವತ್ಮೂರು. ನಲವತ್ಮೂರು ಜನರಲ್ಲಿ ನಲವತ್ಮೂರನೆಯವನು. ಸಂಕ್ರಾಂತಿಯ ದಿನ ಮೊದಲನೆಯವರಿಗೆ ಶಾಲು, ಹಣ್ಣಿನ ಬುಟ್ಟಿ, ಸನ್ಮಾನ ಎಂದು ಸಂಘದ ಸಮಿತಿ ತೀರ್ಮಾನಿಸಿತು. ಸನ್ಮಾನಿತರು ವೇದಿಕೆಯ ಮೇಲೆ ಹಲ್ಲಿನಿಂದಲೇ ಕಬ್ಬು ಸಿಗಿದು ಹಬ್ಬವನ್ನು ಉದ್ಘಾಟಿಸಬೇಕೆಂದೂ ಸೇರಿಸಿತು.

ಇದರ ನಡುವೆ ದಂತವೈದ್ಯರ ಆಫೀಸಿನಿಂದ ಮೂರು ಸಲ ಫೋನು ಬಂತು. "ನಾಕು ಸಲ ಬರಬೇಕಂದಿದ್ರಂತಲ್ರೀ?" ಎಂದಳು ಈರವ್ವ.

"ಹಬ್ಬ ಮುಗೀಲಿ. ಜಾಣರನ್ನ ಎಲ್ಲಾರೂ ಕರೀತಾರ, ಕರದಾಗೊಮ್ಮೆ ಹೋದ್ರ ಬೆಲಿ ಇರೂದಿಲ್ಲ."

"ಮತ್ತ ರೊಟ್ಟಿ ಯಾಕ ಹಾಲಾಗ ನೆನಸಿ ತಿನ್ನಾಕತ್ತೀರಿ?"

"ರುಚಿ ಬದಲಾಗೇತಿ."

ರುಚಿ ಬದಲಾಗಿರಲಿಲ್ಲ. ಏಳು ಅಂಕದ ಆ ದವಡೆಹಲ್ಲು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ವಾಲುತ್ತಿತ್ತು. ಆದರೆ ಬಸವಂತಪ್ಪನಿಗೆ ಬೇಕಾಗಿದ್ದದ್ದು ಒಂದೇ: ತನ್ನ ಹೆಸರನ್ನು ಒಂದು ಸಲ ಮೈಕಿನಲ್ಲಿ ಮೊದಲನೆಯದಾಗಿ ಓದಬೇಕು, ಅದನ್ನು ಅಕ್ಷರಾ ಕೇಳಬೇಕು. ಅಲ್ಲಿಯವರೆಗೆ ಹಲ್ಲು ಹೊಂದಿಕೊಂಡು ಹೋಗಲಿ.

ಆ ವರ್ಷ ಟೊರಾಂಟೊದಲ್ಲಿ ಹಿಮ ತೋಡಲು ಸೈನ್ಯವನ್ನೇ ಕರೆಸಿದ್ದರು. ಹೀಗಾಗಿ ಸೂರ್ಯ ಮಕರ ರಾಶಿಗೆ ಹೊತ್ತಿಗೆ ಸರಿಯಾಗಿ ಹೋದರೂ, ಸಂಘದ ಸಂಕ್ರಾಂತಿ ಮಾತ್ರ ಸ್ಕಾರ್‌ಬರೋದ ಒಂದು ಶಾಲೆಯ ಜಿಮ್ಮು ಖಾಲಿ ಸಿಕ್ಕ ಫೆಬ್ರುವರಿಯ ಮೊದಲ ಶನಿವಾರಕ್ಕೆ ಬಂತು. ಚೀನೀ ಅಂಗಡಿಯಿಂದ ತಂದ ಕಬ್ಬು ಇಡೀ ರಾತ್ರಿ ಕಾರಿನ ಡಿಕ್ಕಿಯಲ್ಲಿದ್ದು ಕಬ್ಬಿಣದ ಸಲಾಕೆಯಾಗಿತ್ತು. ವೇದಿಕೆಗೆ ತಂದು ಇಟ್ಟಾಗ ಠಣ್ ಎಂದಿತು.

ಮುಖ್ಯ ಅತಿಥಿ ಡಾಕ್ಟರ್ ಸತ್ಯಪ್ರಕಾಶ್. ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಾಗಿ, ಇಲ್ಲಿ ಮತ್ತೆ ಪರೀಕ್ಷೆಗಳನ್ನೆಲ್ಲ ಬರೆದು, ಸ್ಕಾರ್‌ಬರೋದಲ್ಲಿ ಹೊಸದಾಗಿ ಕ್ಲಿನಿಕ್ಕು ತೆರೆದಿದ್ದರು. ಹಿಮದಲ್ಲಿ ಸಿಕ್ಕಿ ತಡವಾಗಿ ಬಂದದ್ದರಿಂದ, ಯಾರಿಗೆ ಏಕೆ ಸನ್ಮಾನ ಎಂದು ಅವರಿಗೆ ಹೇಳಲು ಯಾರಿಗೂ ಸಮಯವಾಗಿರಲಿಲ್ಲ. ಒದ್ದೆ ಬೂಟು ಕಳಚಿ, ಕಾಲುಚೀಲದಲ್ಲೇ ಬಂದು ಕುಳಿತರು.

ರಾಮಮೂರ್ತಿ ಮೇಷ್ಟ್ರು ಮೈಕು ಹಿಡಿದರು. "ಒಸಡಿನ ಪರೀಕ್ಷೆಯಲ್ಲಿ ಎಂಟುನೂರ ಎರಡು ಅಂಕಗಳನ್ನು ಗಳಿಸಿ, ಒಂದು ದವಡೆಹಲ್ಲಿನಲ್ಲಂತೂ ಏಳು, ಏಳು, ಆರರ ಜೊತೆಗೆ ಫಸ್ಟ್ ಕ್ಲಾಸನ್ನೂ ಪಡೆದು, ಗದಗಿಗೂ ಕರ್ನಾಟಕಕ್ಕೂ ಕೀರ್ತಿ ತಂದ ಶ್ರೀ ಬಸವಂತಪ್ಪನವರು!"

ಚಪ್ಪಾಳೆ. ಡಾಕ್ಟರು ಪಕ್ಕದಲ್ಲಿದ್ದವರ ಕಡೆ ತಿರುಗಿ, "ಏನು ಗಳಿಸಿ?" ಎಂದರು. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಬಸವಂತಪ್ಪ ಹಳದಿ ಪೇಟ ಸುತ್ತಿಕೊಂಡು ವೇದಿಕೆ ಹತ್ತಿದ. ಹೆಗಲಿಗೆ ಶಾಲು ಬಿತ್ತು, ಕೈಗೆ ಸೇಬಿನ ಬುಟ್ಟಿ ಬಂತು. ಮೂರನೆಯ ಸಾಲಿನಲ್ಲಿ ಈರವ್ವ ಕ್ಯಾಮೆರಾ ಹಿಡಿದು ನಿಂತಿದ್ದಳು, ಅಕ್ಷರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ನೋಡುತ್ತಿದ್ದಾಳೆ ಎಂಬುದನ್ನು ಖಚಿತಪಡಿಸಿಕೊಂಡು ಅವನು ಕಬ್ಬು ಎತ್ತಿದ. ಬಾಯಿ ತೆರೆದ. ಸರಿಯಾಗಿ ಆ ದವಡೆಗೇ ಇಟ್ಟುಕೊಂಡ.

"ನಿಲ್ಸಿ!"

ಮುಖ್ಯ ಅತಿಥಿ ಕುರ್ಚಿಯಿಂದ ಹಾರಿದ್ದು ಹೇಗೆಂದು ಆಮೇಲೆ ಯಾರಿಗೂ ಸರಿಯಾಗಿ ನೆನಪಿಲ್ಲ. ಕಾಲುಚೀಲದಲ್ಲಿ ಜಾರುತ್ತಾ ಬಂದು, ಒಂದು ಕೈಯಿಂದ ಕಬ್ಬು, ಇನ್ನೊಂದು ಕೈಯಿಂದ ಬಸವಂತಪ್ಪನ ಗದ್ದ ಹಿಡಿದು ನಿಂತಿದ್ದರು. "ಯಾರ್ರೀ ನಿಮಗೆ ಏಳು ಅಂದಿದ್ದು?"

"ರೆಕ್ಸ್‌ಡೇಲ್‌ದಾಗ್ರೀ," ಎಂದ ಬಸವಂತಪ್ಪ, ಗದ್ದ ಅಲುಗಿಸದೆ. "ಎರಡು ಸಲ ತಗದು ನೋಡ್ಯಾರ. ಡೌಟ ಬ್ಯಾಡ."

ಡಾಕ್ಟರು ಅವನ ಬಾಯೊಳಗೆ ಇಣುಕಿದರು. ಮೇಷ್ಟ್ರ ಕೈಯಲ್ಲಿದ್ದ ಪಟ್ಟಿಯನ್ನು ಇಸಕೊಂಡು ನೋಡಿದರು. ಆಮೇಲೆ ಮೈಕು ತೆಗೆದುಕೊಂಡರು.

"ನೋಡಿ, ಹಲ್ಲಿಗೂ ಒಸಡಿಗೂ ನಡುವೆ ಒಂದು ಸಣ್ಣ ಸಂದಿರತ್ತೆ. ನಾವು ಅದನ್ನ ಪಾಕೆಟ್ಟು ಅಂತೀವಿ. ಅದು ಎಷ್ಟು ಆಳ ಇದೆ ಅಂತ ಕಡ್ಡಿಯಿಂದ ಮಿಲಿಮೀಟರಲ್ಲಿ ಅಳೀತಾರೆ. ಅದು ಮಾರ್ಕ್ಸಲ್ಲ, ಆಳ. ಮೂರರವರೆಗೆ ಆರೋಗ್ಯ. ನಾಲ್ಕು ಅಂದ್ರೆ ಎಚ್ಚರಿಕೆ. ಏಳು ಅಂದ್ರೆ..." ಅವರು ಬಸವಂತಪ್ಪನ ಪೇಟ ನೋಡಿ ದನಿ ತಗ್ಗಿಸಿದರು, "ಹಲ್ಲು ಮನೆ ಖಾಲಿ ಮಾಡೋಕೆ ಸಾಮಾನು ಕಟ್ತಾ ಇದೆ ಅಂತ."

ಜಿಮ್ಮಿನಲ್ಲಿ ಎಲ್ಲರ ನಾಲಿಗೆಗಳೂ ತಂತಮ್ಮ ದವಡೆಹಲ್ಲು ಮುಟ್ಟಿ ನೋಡಿದವು.

"ಕೆಂಪು ಚುಕ್ಕೆ?" ಎಂದರು ರಾಮಮೂರ್ತಿ ಮೇಷ್ಟ್ರು ಮೆಲ್ಲಗೆ.

"ಕಡ್ಡಿ ತಾಗಿದ ಕಡೆ ರಕ್ತ ಬಂದಿದ್ದು."

"ಫಸ್ಟ್ ಕ್ಲಾಸು?"

"ಹಲ್ಲು ಅಲ್ಲಾಡ್ತಿದೆ ಅಂತ. ಮೊದಲನೇ ಹಂತ. ಥರ್ಡ್ ಕ್ಲಾಸ್ ಬಂದ್ರೆ ಹಲ್ಲು ಕೈಗೇ ಬರತ್ತೆ. ನಾಲ್ಕು ಸಲ ಕರೆದಿದ್ದು ಡೀಪ್ ಕ್ಲೀನಿಂಗಿಗೆ. ಊಟದ ಅಂಟು ಹಲ್ಲಿನ ಮೇಲೆ ಕೂತ್ರೆ ಪ್ಲಾಕು, ಅದು ಕಲ್ಲಾದ್ರೆ ಟಾರ್ಟರು. ಒಸಡಿನ ಕೆಳಗಿರೋ ಕಲ್ಲನ್ನ ಕೆರೆದು, ಬೇರನ್ನ ನುಣುಪು ಮಾಡ್ತಾರೆ. ಬಾಯಿನ ನಾಲ್ಕು ಭಾಗ ಮಾಡ್ಕೊಂಡು, ಒಂದೊಂದು ಸಲಕ್ಕೆ ಒಂದೊಂದು. ಇದೆಲ್ಲ ನಿಮ್ಮ ಹಾಳೆ ಹಿಂದೇನೇ ಬರೆದಿರತ್ತಲ್ಲಾ?"

ಜೇಬುಗಳಿಂದ ಹೊರಬಂದ ನಲವತ್ಮೂರು ಹಾಳೆಗಳು ಏಕಕಾಲಕ್ಕೆ ಮಗುಚಿದ ಸದ್ದಾಯಿತು. ಅದರ ಹಿಂದೆಯೇ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಬಿತ್ತು. ವೇಣುಗೋಪಾಲ ಎದ್ದು ನಿಂತಿದ್ದ.

"ಹಾಗಾದ್ರೆ ಲಿಸ್ಟನ್ನ ಕೆಳಗಿಂದ ಓದ್ಬೇಕು! ಮೇಷ್ಟ್ರೇ, ಕೆಳಗಿಂದ ಓದಿ!"

"ರೀ, ಕೂತ್ಕೊಳ್ರೀ," ಎಂದು ಮೀರಾ ಅವನ ಶರಟು ಜಗ್ಗಿದಳು.

"ಯಾಕೆ ಕೂರ್ಲಿ? ಮೂರು ತಿಂಗಳಿಂದ ನೀನು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ!"

ವೇದಿಕೆಯ ಮೇಲೆ ಬಸವಂತಪ್ಪ ಪೇಟ ತೆಗೆದು ಕಬ್ಬಿನ ಪಕ್ಕದಲ್ಲಿಟ್ಟ. ಶಾಲನ್ನು ಹೆಗಲಿಂದ ಇಳಿಸಿ, ಅದು ಅಂಗಡಿಯಿಂದ ಬಂದ ಹಾಗೆಯೇ ನಾಲ್ಕು ಮಡಿಕೆ ಮಾಡತೊಡಗಿದ. ಮೂರನೆಯ ಸಾಲಿನ ಕಡೆ ನೋಡಲಿಲ್ಲ.

"ಒಂದ್ನಿಮಿಷ," ಎಂದರು ಡಾಕ್ಟರು. "ಈ ಮೂರ್ನಾಲ್ಕು ತಿಂಗಳಲ್ಲಿ ಹಲ್ಲು ತೋರಿಸ್ಕೊಂಡವರು ಕೈ ಎತ್ತಿ."

ಕೈಗಳು ಎದ್ದವು. ಡಾಕ್ಟರು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ನಲವತ್ಮೂರು! ನಾನು ಆರು ತಿಂಗಳಿಂದ ನಮ್ಮವರಿಗೆಲ್ಲ ಕಾಗದ ಹಂಚ್ತಾ ಇದೀನಿ, ಬಂದು ನೋಡಿಸ್ಕೊಳ್ಳಿ ಅಂತ. ಬಂದವರು ಇಬ್ರು. ಅದ್ರಲ್ಲಿ ಒಬ್ರು ಪಿಜ್ಜಾ ಅಂಗಡಿ ಎಲ್ಲಿದೆ ಅಂತ ಕೇಳೋಕೆ ಬಂದಿದ್ರು. ನಾಲ್ಕರ ಮೇಲೆ ಇರೋರೆಲ್ಲ ಇವರ ದೆಸೆಯಿಂದ ಹಲ್ಲು ಉಳಿಸ್ಕೋತೀರಿ. ರೀ ಬಸವಂತಪ್ಪನೋರೇ, ಆ ಶಾಲು ಮಡಿಸಬೇಡಿ." ಅವರೇ ಅದನ್ನು ಬಿಚ್ಚಿ ಮತ್ತೆ ಅವನ ಹೆಗಲಿಗೆ ಹಾಕಿದರು. "ಸೇಬಿನ ಬುಟ್ಟಿ ಮಾತ್ರ ಆ ಕೆಳಗಿಂದ ಮೊದಲನೆಯವರಿಗೆ ಕೊಡಿ. ಇವರಿಗೆ ಕಚ್ಚೋಕಾಗಲ್ಲ."

ಮೊದಲು ಚಪ್ಪಾಳೆ ತಟ್ಟಿದ್ದು ಮೂರನೆಯ ಸಾಲಿನಲ್ಲಿ. ಅಕ್ಷರಾ ಮುಖದಿಂದ ಕೈ ತೆಗೆದಿದ್ದಳು. ಕೈ ತೆಗೆಯದೆ ತಟ್ಟಲು ಬರುವುದಿಲ್ಲವಲ್ಲ.

ವೇಣುಗೋಪಾಲ ಬಂದು ಬುಟ್ಟಿ ತೆಗೆದುಕೊಂಡು, ಎಲ್ಲರೆದುರು ಒಂದು ಸೇಬನ್ನು ಅಗತ್ಯಕ್ಕಿಂತ ಜೋರಾಗಿ ಕಚ್ಚಿದ. ಈರವ್ವ ಚಾಕು ತಂದು ಕಬ್ಬನ್ನು ಸಣ್ಣ ಸಣ್ಣ ತುಂಡು ಮಾಡಿ ಎಳ್ಳುಬೆಲ್ಲದ ಜೊತೆ ಹಂಚಿದಳು. ಬಸವಂತಪ್ಪ ತನ್ನ ಪಾಲಿನ ತುಂಡನ್ನು ಗೌರವಪೂರ್ವಕವಾಗಿ ಚೀಪಿದ.

ಮರುವಾರದಿಂದ ಅವನು ನಾಲ್ಕು ಸಲ ಹೋಗಿ ಬಂದ. ಅರ್ಧ ಮುಖ ಜೋಮು ಹಿಡಿದು, ಚಹಾ ಕುಡಿದರೆ ಅಂಗಿಯ ಮೇಲೆ ಇಳಿಯುತ್ತಿತ್ತು. ಅಕ್ಷರಾ ಹಲ್ಲಿನ ಸಂದಿಗೆ ದಾರ ಹಾಕುವುದನ್ನು ಕಲಿಸಿದಳು. ಮುಚ್ಚಳ ಒತ್ತಿ ಒತ್ತಿ ಪಳಗಿದ ಹೆಬ್ಬೆರಳು ಎರಡೇ ದಿನದಲ್ಲಿ ಅದನ್ನು ಕಲಿಯಿತು. ಬೇಸಿಗೆಯಲ್ಲಿ ಮರುಪರೀಕ್ಷೆ ನಡೆಯಿತು. ಅದೇ ಹೆಣ್ಣುಮಗಳು, ಅದೇ ಕಡ್ಡಿ. "ಮೂರು, ಎರಡು, ಮೂರು. ಎರಡು, ಎರಡು, ಮೂರು." ಆ ದವಡೆಹಲ್ಲಿಗೆ ಬಂದಾಗ ಬಸವಂತಪ್ಪ ಕುರ್ಚಿಯ ಕೈ ಬಿಗಿಹಿಡಿದ. "ನಾಲ್ಕು," ಎಂದಳು ಆಕೆ. "ಗುಡ್ ಜಾಬ್!" ಅವನು ನಂಬಿದ.

ಹೊಸ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದು ಅಕ್ಷರಾ, ತನ್ನ ಗಣಿತದ ಬಿ ಪ್ಲಸ್ಸಿಗಿಂತ ಎರಡಂಗುಲ ಮೇಲೆ. "ಅಪ್ಪಾ, ಪಾಸ್," ಎಂದಳು, ಕನ್ನಡದಲ್ಲಿ.

ಆ ಸಂಜೆ ಮತ್ತೊಂದು ಫೋನ್ ಕಾರ್ಡು ಗೀರಿದ. "ಅವ್ವಾ, ಈ ಸಲ ಮೂರು ಬಂತು. ಒಂದ ಕಡೆ ನಾಕು."

"ಏಳಿದ್ದದ್ದು ಮೂರಾತೇನು?" ಎಂದಳು ನಾಗವ್ವ. "ನಾ ಓಣಿಗೆಲ್ಲಾ ಪೇಢೆ ಹಂಚೀನಲ್ಲೋ. ಇರ್ಲಿ ತಗೋ, ಅಳಬ್ಯಾಡ."

"ಹಂಗಲ್ಲವ್ವಾ, ಇದರಾಗ ಉಲ್ಟಾ. ಎಷ್ಟು ಕಡಿಮಿ ಬಂದ್ರ ಅಷ್ಟು ಛಲೋ. ನಮ್ಮ ವೇಣುಗೋಪಾಲಗ ಬರೇ ಎರಡು ಬಂದು ಇಡೀ ಟೊರಾಂಟೊಕ್ಕ ಫಸ್ಟ್ ಆದಾನ."

ನಾಗವ್ವ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಅವಳ ಬಾಯಿಯ ಕೊನೆಯ ಹಲ್ಲು ಹೋಗಿ ಹನ್ನೊಂದು ವರ್ಷವಾಗಿತ್ತು.

"ಹಂಗಾರ ನಂದು ಎಷ್ಟಾತೋ?"

ಬಸವಂತಪ್ಪ ಮನಸ್ಸಿನಲ್ಲೇ ಕೂಡಿ ನೋಡಿದ. ಗಣಿತ ಅವನಿಗೆ ಇಷ್ಟು ಸಲೀಸಾಗಿ ಎಂದೂ ಬಂದಿರಲಿಲ್ಲ. "ನಿಂದು ಸೊನ್ನಿ, ಅವ್ವಾ. ಪೂರ್ತಿ ಸೊನ್ನಿ."

"ಏ ದ್ಯಾಮಣ್ಣಾ!" ರಿಸೀವರು ಕೈಯಲ್ಲಿರುವಾಗಲೇ ಹಾಕಿದ ಕೂಗು ರೆಕ್ಸ್‌ಡೇಲಿನ ಅಡುಗೆಮನೆಯವರೆಗೂ ಕೇಳಿತು. "ಪೇಢೆ ತೊಗೊಂಡು ಬಾರೋ! ಆ ಮೈಸೂರಾವ ಎರಡನೇದಾವ ಆದ!"